ಕಪ್ಪು-ಬಿಳುಪಿಗೆ ಬಣ್ಣ ಕೊಟ್ಟವರು: ಕೊಲ್ಹಾಪುರದ ಸಿನಿಮಾ ಪೋಸ್ಟರ್ ಕಲೆ

ಸಿನಿಮಾ ಚರಿತ್ರೆ ಬರೆಯುವವರು ನಿರ್ದೇಶಕರು, ನಟರು, ಛಾಯಾಗ್ರಾಹಕರು, ಹಾಡು ಕಟ್ಟಿದವರು ಎಲ್ಲರನ್ನೂ ಹೆಸರಿಸುತ್ತಾರೆ. ಪೋಸ್ಟರ್ ಬರೆದವರ ಹೆಸರು ಆ ಪಟ್ಟಿಯಲ್ಲಿ ಕಾಣಸಿಗುವುದು ಅಪರೂಪ. ಚಿತ್ರ ಸಿದ್ಧವಾದ ಮೇಲೆ ಜನ ಸೇರಿಸಲು ಹೊಡೆಯುವ ಡಂಗುರವೇ ಪೋಸ್ಟರ್, ಚಿತ್ರದ ಹುಟ್ಟಿಗೂ ಅದಕ್ಕೂ ನಂಟಿಲ್ಲ ಎಂಬ ಎಣಿಕೆಯೇ ಇದಕ್ಕೆ ಕಾರಣ. ಕೊಲ್ಹಾಪುರದ ಮಟ್ಟಿಗೆ ಈ ಎಣಿಕೆ ನಿಲ್ಲುವುದಿಲ್ಲ. ಬಣ್ಣವಿಲ್ಲದ ಕಾಲದ ಚಿತ್ರಗಳಿಗೆ ಬಣ್ಣ ಕೊಟ್ಟವರು ಪೋಸ್ಟರ್ ಬರೆದವರು. ಹಾಗಾಗಿ ಅವರು ಆ ಚಿತ್ರಗಳ ಪಾಲುದಾರರು, ಮತ್ತು ಕೊಲ್ಹಾಪುರದ ಪೇಂಟರುಗಳಿಗೆ ಕನ್ನಡ ಸಿನಿಮಾ ಚರಿತ್ರೆಯಲ್ಲೂ ಒಂದು ಜಾಗ ಸಲ್ಲಬೇಕು. ಇಷ್ಟೇ ನನ್ನ ವಾದ.

ಮೊದಲು ಆಧಾರ ನೋಡೋಣ. ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ (1890–1954) ಊರಿಗೆಲ್ಲ ಬಾಬುರಾವ್ ಪೇಂಟರ್ ಎಂದೇ ಪರಿಚಿತರು. ಅವರೂ ಅವರ ಸೋದರ ಸಂಬಂಧಿ ಆನಂದರಾವ್ ಅವರೂ ಮರಾಠಿ ನಾಟಕ ಕಂಪನಿಗಳಿಗೆ ಪರದೆ ಬರೆದು ಹೆಸರು ಮಾಡಿದರು. ಕೈಯಾರೆ ಕ್ಯಾಮೆರಾ ಕಟ್ಟುವ ಹಟ ಹಿಡಿದಿದ್ದ ಆನಂದರಾವ್ 1916ರಲ್ಲಿ ತೀರಿಕೊಂಡರು. ಆ ಕೆಲಸವನ್ನು ಬಾಬುರಾವ್ ಮುಗಿಸಿದರು, ಕೊಲ್ಹಾಪುರದಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು, 1920ರಲ್ಲಿ ಅದರ ಚಿತ್ರ ‘ಸೈರಂಧ್ರಿ’ ತೆರೆಗೆ ಬಂತು. ಇಲ್ಲಿ ಒಂದು ಸೂಕ್ಷ್ಮವಿದೆ. ನಾಟಕಕ್ಕೆ ಪರದೆ ಬರೆದ ಇದೇ ಕೈ ಸಿನಿಮಾದೊಳಗಿಂದ ಪರದೆಯನ್ನು ಹೊರಗೆ ಹಾಕಿ, ಉದ್ದ-ಅಗಲ-ಆಳ ಮೂರೂ ಇರುವ ಸೆಟ್ಟುಗಳನ್ನು ನಿಲ್ಲಿಸಿತು. ಕ್ಯಾಮೆರಾಕ್ಕಂತೂ ಬಣ್ಣ ಕಾಣುತ್ತಿರಲಿಲ್ಲ. ಹೀಗೆ ಚಿತ್ರದೊಳಗೆ ಎಡೆ ಕಳೆದುಕೊಂಡ ಬಣ್ಣಕ್ಕೆ ಉಳಿದ ನೆಲೆ ಪೋಸ್ಟರ್ ಒಂದೇ. ತಮ್ಮ ಚಿತ್ರಗಳ ಪೋಸ್ಟರುಗಳನ್ನು ಬಾಬುರಾವ್ ತಾವೇ ಬರೆದರು. ಕೈಯಿಂದ ಬರೆದ ಭಾರತೀಯ ಸಿನಿಮಾ ಪೋಸ್ಟರುಗಳಲ್ಲಿ ಉಳಿದು ಬಂದಿರುವ ಅತಿ ಹಳೆಯದೆಂದು ಹೆಸರಾಗಿರುವುದು ಅವರ ‘ಕಲ್ಯಾಣ್ ಖಜಿನಾ’ (1924) ಚಿತ್ರದ್ದು. ಸೆರೆ ಸಿಕ್ಕ ಸುಬೇದಾರನ ಸೊಸೆಯನ್ನು ಶಿವಾಜಿ ಗೌರವದಿಂದ ಹಿಂದಕ್ಕೆ ಕಳಿಸಿದ ಕಥೆ ಅದು. ಆಕೆಯ ಸೀರೆಯ ಬಣ್ಣವನ್ನಾಗಲಿ ಖಜಾನೆಯ ಹೊನ್ನಿನ ಹೊಳಪನ್ನಾಗಲಿ ಕಪ್ಪು-ಬಿಳುಪಿನ ಫಿಲ್ಮು ತೋರಿಸಲಾರದು. ಕುಂಚಕ್ಕೆ ಆ ಅಡ್ಡಿಯಿಲ್ಲ.

ಇದಕ್ಕೆ ಮೊದಲ ಆಕ್ಷೇಪ: ಪೇಂಟರನದು ಫೋಟೋದ ನಕಲು, ಸ್ವಂತದ್ದೇನಿದೆ? ಕೆಲಸ ನಡೆಯುತ್ತಿದ್ದ ಬಗೆ ನೋಡಿದರೆ ಉತ್ತರ ಸಿಗುತ್ತದೆ. ಸ್ಟಿಲ್ ಫೋಟೋದ ಮೇಲೆ ಚೌಕ ಹಾಕುತ್ತಿದ್ದರು. ಅಷ್ಟೇ ಚೌಕಗಳನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಎಳೆದು, ಒಂದೊಂದು ಚೌಕದ ಗೆರೆಯನ್ನೂ ಅದರ ಜಾಗಕ್ಕೆ ಇಳಿಸುತ್ತಿದ್ದರು. ನಕಲು ಮುಗಿಯುತ್ತಿದ್ದುದು ಇಲ್ಲಿಗೆ. ಬಣ್ಣ ಹಚ್ಚಲು ಕೂತಾಗ ಆ ಫೋಟೋ ಏನೂ ಹೇಳಿಕೊಡುತ್ತಿರಲಿಲ್ಲ: ಕೆನ್ನೆಯ ನೆರಳು ನೀಲಿಯೋ ಕೆಂಪೋ, ಖಳನ ಮುಖಕ್ಕೆ ಹಸಿರು ಛಾಯೆ ಎಷ್ಟು, ನಾಯಕಿಯ ಹಿಂದೆ ಸಂಜೆಯೋ ಬೆಂಕಿಯೋ ಎಂಬುದೆಲ್ಲ ಪೇಂಟರನ ತೀರ್ಮಾನ. ಯಾರ ಮುಖ ದೊಡ್ಡದು, ಯಾರು ಮೂಲೆಗೆ ಎಂಬುದೂ ಕಥೆಯನ್ನು ಓದಿಕೊಂಡೇ ಮಾಡಬೇಕಾಗಿದ್ದ ಆಯ್ಕೆ. ಅಮೆರಿಕದ ಕೌಬಾಯ್ ಚಿತ್ರಗಳಲ್ಲೂ ನಡೆದದ್ದು ಇದೇ. ‘ಹೈ ನೂನ್’ (1952) ಪೂರ್ತಿ ಕಪ್ಪು-ಬಿಳುಪು, ಅದರ ಪೋಸ್ಟರುಗಳು ಬಣ್ಣದವು. ‘ದಿ ಅಲಾಮೊ’ (1960) ಚಿತ್ರಕ್ಕೆ ಕಲಾವಿದ ರೆನಾಲ್ಡ್ ಬ್ರೌನ್ ಇಡೀ ಕದನವನ್ನೇ ಒಂದು ಹಾಳೆಗೆ ಇಳಿಸಿದರು. ಅಂಥ ನೋಟ ಯಾವುದೇ ಒಂದು ಫ್ರೇಮಿನಿಂದ ಎತ್ತಿಕೊಂಡದ್ದಾಗಿರಲು ಸಾಧ್ಯವಿಲ್ಲ.

ಎರಡನೆಯ ಆಕ್ಷೇಪ: ಇದು ಹೊಟ್ಟೆಪಾಡಿನ ಜಾಹೀರಾತು, ಕಲೆಯ ಸಾಲಿಗೆ ಸೇರದು. ಹೊಟ್ಟೆಪಾಡು ಹೌದು, ಅರಮನೆಗೆ ಭಾವಚಿತ್ರ ಬರೆದವರದೂ ಹೊಟ್ಟೆಪಾಡೇ. ಕೊಲ್ಹಾಪುರದ ಜಿ. ಕಾಂಬಳೆ ಅವರನ್ನು ನೋಡಿ. ನಿರ್ದೇಶಕ ವಿ. ಶಾಂತಾರಾಮರ ರಾಜಕಮಲ್ ಸ್ಟುಡಿಯೋದಲ್ಲಿದ್ದ ಅವರನ್ನು ನಿರ್ದೇಶಕ ಕೆ. ಆಸಿಫ್ ‘ಮೊಘಲ್-ಎ-ಆಜಮ್’ (1960) ಪ್ರಚಾರಕ್ಕೆಂದು ಕರೆಸಿಕೊಂಡರು. ಆ ಚಿತ್ರದ ಹೆಚ್ಚಿನ ಭಾಗವೂ ಕಪ್ಪು-ಬಿಳುಪೇ. ದರ್ಬಾರಿನ ವೈಭವಕ್ಕೆ ಬೀದಿಯಲ್ಲಿ ಬಣ್ಣ ಬಂದದ್ದು ಕಾಂಬಳೆಯವರ ಕುಂಚದಿಂದ. ಮಹಾರಾಷ್ಟ್ರ ಸರ್ಕಾರ ಅಧಿಕೃತವೆಂದು ಒಪ್ಪಿಕೊಂಡ ಶಿವಾಜಿಯ ಭಾವಚಿತ್ರವೂ ಇವರದೇ. ಕಚೇರಿಯ ಗೋಡೆಗೆ ಬಂದಾಗ ಕಲೆ, ಟಾಕೀಸಿನ ಗೋಡೆಗೆ ಹೋದಾಗ ಜಾಹೀರಾತು ಎನ್ನುವುದು ಗೋಡೆಯ ಮೇಲಿನ ತೀರ್ಪು, ಚಿತ್ರದ ಮೇಲಿನದಲ್ಲ.

ಇನ್ನು ಕನ್ನಡದ ಮಾತು. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಸೀಮೆಯಲ್ಲಿ ಕನ್ನಡ-ಮರಾಠಿ ಒಂದೇ ಸಂತೆಯಲ್ಲಿ ನಡೆಯುವ ಭಾಷೆಗಳು. ಮಗ್ಗದ ಊರಾದ ಇಚಲಕರಂಜಿಯಲ್ಲೂ ಕನ್ನಡದ ದುಡಿಮೆಗಾರರಿದ್ದಾರೆ. ಇಂಥ ನಾಡಿನಲ್ಲಿ ಅಕ್ಷರ ಎಲ್ಲರನ್ನೂ ಮುಟ್ಟದು, ಬರೆದ ಮುಖ ಮುಟ್ಟುತ್ತದೆ. ಮೂಕಿ ಚಿತ್ರದಂತೆಯೇ ಪೋಸ್ಟರಿಗೂ ಭಾಷೆಯ ಗಡಿ ಇರಲಿಲ್ಲ. ಅಷ್ಟೇ ಅಲ್ಲ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಸ್ಟುಡಿಯೋ ಬಾಡಿಗೆಗೆ ಹಿಡಿದ ಮಾತ್ರಕ್ಕೆ ಋಣವೆಲ್ಲಿಂದ ಬಂತು ಎಂದು ಕೇಳಬಹುದು. ಚಿತ್ರದ ನಿರ್ದೇಶಕ ವೈ.ವಿ. ರಾವ್ ಮತ್ತು ಅವರ ತಂಡ ಅಷ್ಟು ದೂರ ಹೋದದ್ದು ಅಲ್ಲಿ ಸ್ಟುಡಿಯೋ ಇದ್ದದ್ದರಿಂದ. ಮುಂಬಯಿಯಂಥ ಬಂದರಲ್ಲದ ಈ ಊರಿನಲ್ಲಿ ಸ್ಟುಡಿಯೋಗಳು ಎದ್ದದ್ದು ಬಾಬುರಾವ್ ಹಾಕಿದ ಬುನಾದಿಯ ಮೇಲೆ. 1929ರಲ್ಲಿ ಇಲ್ಲಿಯೇ ಪ್ರಭಾತ್ ಕಂಪನಿ ಕಟ್ಟಿದ ದಾಮ್ಲೆ, ಫತ್ತೇಲಾಲ್, ಶಾಂತಾರಾಮ್ ಮೂವರೂ ಅವರ ಗರಡಿಯವರು. ಪರದೆ ಬರೆಯುವವರ ಕಾರ್ಖಾನೆ ಇರದಿದ್ದರೆ ಕನ್ನಡದ ಮೊದಲ ಮಾತು ಬೇರೆಲ್ಲೋ ಕೇಳಿಸಬೇಕಿತ್ತು.

ಫ್ಲೆಕ್ಸ್ ಬಂದಿದೆ, ಕುಂಚದ ಕಾಲ ಮುಗಿಯಿತು, ಅದಕ್ಕೆ ಅಳಬೇಕೇ ಎನ್ನುವವರಿಗೆ ನನ್ನ ತಕರಾರಿಲ್ಲ. ಬಣ್ಣದ ಫಿಲ್ಮು, ಬಣ್ಣದ ಮುದ್ರಣ ಬಂದ ಮೇಲೆ ಪೇಂಟರನ ಮೊದಲ ಹೊಣೆ ತೀರಿತು. ಕಸುಬು ಮರಳಲಿ ಎಂದು ಹರಕೆ ಹೊರಬೇಕಿಲ್ಲ. ಆದರೆ ದಾಖಲೆ ಬೇರೆ ಮಾತು. ಪ್ರದರ್ಶನ ಮುಗಿದ ಬ್ಯಾನರಿಗೆ ಸುಣ್ಣ ಬಳಿದು ಅದರ ಮೇಲೆಯೇ ಮುಂದಿನ ಚಿತ್ರ ಬರೆಯುತ್ತಿದ್ದ ಕಸುಬು ಇದು, ಉಳಿದಿರುವುದೇ ಕಡಿಮೆ. ಹಳೆಯ ಟಾಕೀಸುಗಳ ಮಾಲೀಕರಲ್ಲಿ, ಪೇಂಟರುಗಳ ಮನೆಗಳಲ್ಲಿ ಪೋಸ್ಟರುಗಳಿದ್ದರೆ ಮಡಿಚದೆ ಸುರುಳಿ ಸುತ್ತಿಡಿ, ಫೋಟೋ ತೆಗೆಸಿ, ಬರೆದವರ ಹೆಸರನ್ನು ಇಂದೇ ಕೇಳಿ ಹಿಂಬದಿಯಲ್ಲಿ ಗುರುತು ಹಾಕಿ. ಕನ್ನಡ ಸಿನಿಮಾ ಚರಿತ್ರೆಯ ಮುಂದಿನ ಪುಸ್ತಕ ಬರೆಯುವವರು ‘ಸತಿ ಸುಲೋಚನಾ’ದ ಅಧ್ಯಾಯಕ್ಕೆ ಮೊದಲು ಬಾಬುರಾವ್ ಪೇಂಟರಿಗೆ ಒಂದು ಅಧ್ಯಾಯ ಕೊಡಲಿ.