ಕೆಂಪು ಚುಕ್ಕೆ ಚದುರಿದರೆ ತಪ್ಪು ಯಾರದು?



ಕತ್ತಿಪಾರದಿಂದ ಪೋರೂರಿಗೆ ಬರುವ ದಾರಿಯಲ್ಲಿ, ನಂದಂಬಾಕ್ಕಂ ಹತ್ತಿರ, ಭಾರತ್ ಎಲೆಕ್ಟ್ರಾನಿಕ್ಸ್ ಘಟಕವನ್ನು ನೀವು ನೋಡಿರುತ್ತೀರಿ. 1954ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಈ ಸಂಸ್ಥೆ ಸೇನೆಗಾಗಿ ರಾತ್ರಿ ನೋಡುವ ದುರ್ಬೀನುಗಳನ್ನೂ ತಯಾರಿಸುತ್ತದೆ. ಇವತ್ತಿನ ಮಾತು ಅದರ ದಾಯಾದಿಯೊಂದರ ಬಗ್ಗೆ. ಬಂದೂಕಿನ ಮೇಲೆ ಕೂರಿಸಿ ನೋಡಿದರೆ ಗುರಿಯ ಮೇಲೆ ಕೆಂಪು ಚುಕ್ಕೆ ತೋರಿಸುವ ಸೈಟ್.

ದುಡ್ಡು ಸುರಿದು ಕೊಂಡವರಲ್ಲಿ ಅನೇಕರ ದೂರು ಒಂದೇ: ಚುಕ್ಕೆ ದುಂಡಗಿಲ್ಲ, ನಕ್ಷತ್ರದ ಹಾಗೆ ಚದುರಿದೆ. ಹೆಚ್ಚಿನ ಸಲ ಸೈಟ್ ನಿರಪರಾಧಿ! ಒಳಗಿನ ಪುಟ್ಟ ಎಲ್‌ಇಡಿ ಬೆಳಕು ಬಾಗಿದ ಗಾಜಿಗೆ ತಗುಲಿ, ಸಮಾಂತರ ಕಿರಣಗಳಾಗಿ ನಮ್ಮತ್ತ ಬರುತ್ತದೆ. ಅದನ್ನು ಒಂದು ಬಿಂದುವಾಗಿ ಕೂಡಿಸುವ ಕೆಲಸ ಕಣ್ಣಿನದು. ಕಣ್ಣಿನ ಮುಂದಿನ ಪಾರದರ್ಶಕ ಪರದೆ ಒಂದು ದಿಕ್ಕಿಗೆ ಹೆಚ್ಚು ಬಾಗಿದ್ದರೆ ಬಿಂದು ಗೀಟಾಗುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ, ಕನ್ನಡಕದ ಚೀಟಿಯಲ್ಲಿ 'ಸಿಲಿಂಡರ್' ಎಂದು ಬರೆಯುತ್ತಾರಲ್ಲ, ಅದು. 1801ರಲ್ಲಿ ಥಾಮಸ್ ಯಂಗ್ ತನ್ನದೇ ಕಣ್ಣಿನಲ್ಲಿ ಇದನ್ನು ಗುರುತಿಸಿದ. ಖಗೋಳಜ್ಞ ಜಾರ್ಜ್ ಏರಿ 1825ರ ಸುಮಾರಿಗೆ ತನಗಾಗಿ ಅಂಥ ಗಾಜು ಮಾಡಿಸಿಕೊಂಡ.

ಪತ್ತೆ ಹಚ್ಚುವುದು ಸುಲಭ. ಸೈಟನ್ನು ಬಂದೂಕಿನಿಂದ ಬಿಚ್ಚಿಕೊಳ್ಳಿ, ಇದು ಮೊದಲನೆಯ ಮಾತು. ತಲೆ ಅಲ್ಲಾಡಿಸದೆ ಸೈಟನ್ನಷ್ಟೇ ತಿರುಗಿಸಿ. ಚುಕ್ಕೆಯ ಬಾಲವೂ ಜೊತೆಗೇ ತಿರುಗಿದರೆ ದೋಷ ಸೈಟಿನದು. ಇದ್ದಲ್ಲೇ ಇದ್ದರೆ ನಿಮ್ಮ ಕಣ್ಣಿನದು. ಕಾಗದದಲ್ಲಿ ಸೂಜಿತೂತು ಮಾಡಿ ಅದರೊಳಗಿಂದ ನೋಡಿದಾಗ ಚುಕ್ಕೆ ದುಂಡಾದರೂ ಅರ್ಥ ಅದೇ. ಬೆಳಕು ತಗ್ಗಿಸಿದರೂ ಚದುರುವುದು ಕಡಿಮೆ. ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗುವುದರಿಂದ ಇರುಳಲ್ಲೇ ಕಾಟ ಜಾಸ್ತಿ.

ಇನ್ನು ಮರಳು ಚೆಲ್ಲಿದಂತೆ ಕಾಣುವ ಚುಕ್ಕೆ. ಅದು ಹೋಲೋಗ್ರಾಫಿಕ್ ಸೈಟಿನ ಸ್ವಭಾವ. ಅಲ್ಲಿರುವುದು ಲೇಸರ್, ಅದರ ಅಲೆಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಬೆಳಕು, ಕೆಲವೆಡೆ ಕತ್ತಲೆ ಮಾಡುತ್ತವೆ. ಕನ್ನಡಕದಿಂದ ಇದು ಹೋಗದು. ಚುಕ್ಕೆಯನ್ನೇ ದಿಟ್ಟಿಸದೆ ಗುರಿಯನ್ನು ನೋಡಿದರೆ ಅಷ್ಟಾಗಿ ಗಮನಕ್ಕೆ ಬಾರದು. ಗಾಜಿನ ಮೇಲೆ ಗೆರೆ ಕೊರೆದಿರುವ ಪ್ರಿಸಂ ಸೈಟಿನಲ್ಲಿ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳುವ ತಿರುಗಣೆ ಇರುತ್ತದೆ. ಅಸ್ಟಿಗ್ಮ್ಯಾಟಿಸಂ ಇರುವ ಅನೇಕರಿಗೆ ಇದೇ ವಾಸಿ.

ನಾನು ಬಂದೂಕು ಮುಟ್ಟುವವನೇ ಅಲ್ಲ, ನನಗೇಕೆ ಇದೆಲ್ಲ ಅನ್ನುತ್ತೀರಾ? ಇವತ್ತು ರಾತ್ರಿ ಪೋರೂರು ಸಿಗ್ನಲ್ಲಿನಲ್ಲಿ ಎದುರಿನ ಕೆಂಪು ದೀಪ ನೋಡಿ. ಅದಕ್ಕೂ ಉದ್ದುದ್ದ ಮೀಸೆ ಮೂಡಿದ್ದರೆ, ಕನ್ನಡಕದ ಅಂಗಡಿಯಲ್ಲಿ ಸಿಲಿಂಡರ್ ಪರೀಕ್ಷೆ ಮಾಡಿಸಿ. ಐವತ್ತು ದಾಟಿದವರಿಗೆ ಇದು ಈಚೆಗಷ್ಟೇ ಶುರುವಾಗಿದ್ದರೆ ಅಂಗಡಿ ಸಾಲದು, ಕಣ್ಣಿನ ಡಾಕ್ಟರನ್ನೇ ಕಾಣಿ. ಪೊರೆ ಬರುವಾಗಲೂ ದೀಪ ಹೀಗೇ ಚದುರುತ್ತದೆ.