ಹತ್ತು ವರ್ಷ, ಅದೇ ಹಾಜರಿ

(ಅಕ್ಕಲಕೋಟ ತಾಲೂಕಿನ ಕನ್ನಡ ಸಾಲಿಗಳಲ್ಲಿ ಓದಿದ ಯುವಕ-ಯುವತಿಯರು ಸೇರಿದ್ದಾಗ ಆಡಿದ ಮಾತು. ಕೇಳಿದವರು ಕೆಲವರು ಬರೆದು ಹಾಕ್ರಿ ಅಂದಿದ್ದಕ್ಕೆ ಇಲ್ಲಿ ಕೊಟ್ಟಿದ್ದೇನೆ.)



ಇಲ್ಲಿ ಕೂತವರಲ್ಲಿ ಹೆಚ್ಚಿನವರು ನನಗಿಂತ ಹತ್ತು-ಹದಿನೈದು ವರ್ಷ ಸಣ್ಣವರು. ಕೆಲವರು ಈಗಷ್ಟೇ ಕಾಲೇಜು ಮುಗಿಸಿದ್ದೀರಿ, ಕೆಲವರು ಇನ್ನೂ ಓದ್ತಿದ್ದೀರಿ. "ಸಾಲಿ ಗೆಳೆಯರ ಬಗ್ಗೆ ಏನಾದ್ರೂ ಹೇಳ್ರಿ" ಅಂತ ನನಗೆ ಹೇಳಿದರು. ನಾನು ಕಾಮರ್ಸ್ ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆದವ. ನೆನಪು ಹೇಳಬೇಕಂದ್ರೂ ನನಗೆ ಮೊದಲು ಲೆಕ್ಕವೇ ಬರ್ತದೆ. ಅಲ್ಲಿಂದಲೇ ಶುರು ಮಾಡ್ತೀನಿ.

ಒಂದನೇ ಇಯತ್ತೆಯಲ್ಲಿ ನಮ್ಮ ವರ್ಗದಲ್ಲಿ 34 ಮಂದಿ ಇದ್ವಿ. ನಡುವೆ ಇಬ್ಬರ ಮನೆಯವರು ಊರು ಬಿಟ್ಟರು. ಮೂವರು ಹುಡುಗಿಯರ ಸಾಲಿ ಏಳನೇ ಇಯತ್ತೆಗೇ ನಿಂತಿತು. ಉಳಿದವರು 29. ಎಂಟನೇ ಇಯತ್ತೆಗೆ ಹೈಸ್ಕೂಲಿಗೆ ಹೋದಾಗ ಸುತ್ತಿನ ವಸ್ತಿಗಳಿಂದ ಆರು ಮಂದಿ ಬಂದು ಕೂಡಿದರು. ಕಟ್ಟಡ ಬದಲಾಯಿತು, ಮಾಸ್ತರರು ಬದಲಾದರು, ಆ 29 ಮುಖ ಮಾತ್ರ ಅವೇ. ಆರನೇ ವಯಸ್ಸಿನಿಂದ ಹದಿನಾರನೇ ವಯಸ್ಸಿನವರೆಗೆ ಅದೇ ಹಾಜರಿ.

ಇದು ಬರೀ ಸಣ್ಣ ಊರು ಅಂತ ಆದದ್ದಲ್ಲ. ಪಕ್ಕದ ಮರಾಠಿ ಸಾಲಿಯಲ್ಲಿ ಅ, ಬ, ಕ ಅಂತ ತುಕಡಿಗಳಿದ್ದವು. ವರ್ಷಕ್ಕೊಮ್ಮೆ ಹುಡುಗರು ಆ ಕಡೆ ಈ ಕಡೆ ಆಗ್ತಿದ್ದರು. ಸೊಲ್ಲಾಪುರದಂಥ ಶಹರದಲ್ಲಾದರೆ ಒಂದು ಸಾಲಿ ಸೇರಲಿಲ್ಲ ಅಂದ್ರೆ ಇನ್ನೊಂದು. ನಮಗೆ ಇದ್ದದ್ದು ಒಂದೇ ಕನ್ನಡ ತುಕಡಿ. ಕನ್ನಡದಲ್ಲಿ ಓದಬೇಕು ಅಂದ್ರೆ ಇದೇ ಕೋಣೆ, ಇದೇ ಮಂದಿ. ಇಷ್ಟ ಇದ್ದರೂ ಅವರೇ, ಇರದಿದ್ದರೂ ಅವರೇ.

ಗೆಳೆಯರ ಹೆಸರು ಹೇಳಿದರೆ ನಾಳೆ ಫೋನ್ ಮಾಡಿ ಬೈತಾರೆ. ಅದಕ್ಕೆ ಹಾಜರಿ ನಂಬರಿನಿಂದಲೇ ಹೇಳ್ತೀನಿ. ಐದನೇ ಇಯತ್ತೆಯಲ್ಲಿ 9ನೇ ನಂಬರಿನವನಿಗೂ 17ನೇ ನಂಬರಿನವನಿಗೂ ಒಂದು ಬುಗುರಿ ಸಲುವಾಗಿ ಜಗಳ ಆಯಿತು. ಎರಡು ವರ್ಷ ಮಾತಿಲ್ಲ. ಆದರೆ ಕಬಡ್ಡಿಗೆ ಏಳು ಮಂದಿ ಬೇಕಲ್ಲ? ನಮ್ಮ ವರ್ಗದಲ್ಲಿ ಆಡಲು ಬರ್ತಿದ್ದವರೇ ಏಳು ಮಂದಿ. ಒಬ್ಬನನ್ನ ಬಿಟ್ಟರೆ ಆಟವೇ ಇಲ್ಲ. ಹಂಗಾಗಿ ಇಬ್ಬರೂ ಒಬ್ಬರಿಗೊಬ್ಬರು ಮಾತಾಡದೇ ಕೈ ಕೈ ಹಿಡಿದು ಸರಪಳಿ ಮಾಡಿ ಎದುರಾಳಿಯನ್ನ ಹಿಡೀತಿದ್ದರು. ಮುಖ ಆ ಕಡೆ, ಕೈ ಈ ಕಡೆ! ಈಗ ಇಬ್ಬರೂ ಕೂಡಿ ತೊಗರಿ ವ್ಯಾಪಾರ ಮಾಡ್ತಾರೆ. ದೊಡ್ಡ ಸಾಲಿಯಲ್ಲಿ ಓದಿದ್ದರೆ ಜಗಳ ಆದ ದಿನವೇ ಇಬ್ಬರೂ ಬೇರೆ ಗೆಳೆಯರನ್ನ ಹುಡುಕ್ಕೊಳ್ತಿದ್ದರು, ಕಥೆ ಅಲ್ಲಿಗೇ ಮುಗೀತಿತ್ತು.

ಇನ್ನೊಂದು ಮಾತು. ಮರಾಠಿ ಮಾಧ್ಯಮದ ಹುಡುಗರಿಗೆ ಪೇಟೆಯಲ್ಲಿ ಪ್ರತಿಯೊಂದು ವಿಷಯಕ್ಕೂ ಗೈಡ್ ಸಿಗ್ತಿತ್ತು. ನಮ್ಮ ಊರಿನ ಅಂಗಡಿಯಲ್ಲಿ ಕನ್ನಡದ ಗೈಡ್ ಕೇಳಿದರೆ ಅಂಗಡಿಯವ ನಗ್ತಿದ್ದ. ಅವನ ತಪ್ಪೇನೂ ಇಲ್ಲ. ಗಿರಾಕಿ 35 ಮಂದಿ ಇದ್ದರೆ ಯಾವ ಪ್ರಕಾಶಕ ಅಚ್ಚು ಹಾಕ್ತಾನೆ? ಹಂಗಾಗಿ ವರ್ಗವೇ ಗೈಡ್ ಆಯಿತು. 21ನೇ ನಂಬರಿನಾಕೆಯ ಅಕ್ಷರ ದುಂಡಗೆ, ಮುತ್ತಿನಂಥವು. ಇತಿಹಾಸದ ಉತ್ತರ ಎಲ್ಲ ಆಕೆ ಬರೀತಿದ್ದಳು. ಭೂಮಿತಿ 4ನೇ ನಂಬರಿನವನದು. ವಿಜ್ಞಾನದ ಚಿತ್ರ ಇನ್ನೊಬ್ಬನದು. ಒಬ್ಬರ ವಹಿ ಇನ್ನೊಬ್ಬರು ನಕಲು ಮಾಡಿ ಹತ್ತನೇ ಇಯತ್ತೆ ದಾಟಿದೆವು. ಆಮೇಲೆ ಆ ವಹಿಗಳು ನಮ್ಮ ಹಿಂದಿನ ಬ್ಯಾಚಿಗೆ ಹೋದವು. ನಮಗೂ ಮುಂದಿನವರಿಂದ ಹಂಗೇ ಬಂದಿದ್ದವು. ಎಣ್ಣೆ ಕಲೆ, ಚಹಾದ ಕಲೆ ಇದ್ದ ಆ ವಹಿಗಳಿಗೆ ಯಾವ ಸರಕಾರವೂ ಅನುದಾನ ಕೊಟ್ಟಿರಲಿಲ್ಲ.

ನಾವು ಓದಿದ್ದು ಮಹಾರಾಷ್ಟ್ರದ ಪಠ್ಯಕ್ರಮ, ಕನ್ನಡ ಅಕ್ಷರದಲ್ಲಿ. ಬಾಲಭಾರತಿ ಪುಸ್ತಕದಲ್ಲೇ ನಮ್ಮ ಕನ್ನಡ. ನಾಲ್ಕನೇ ಇಯತ್ತೆಯ ಇತಿಹಾಸ ಅಂದ್ರೆ ಪೂರ್ತಿ ಶಿವಾಜಿ ಮಹಾರಾಜರ ಕಥೆ. ಪ್ರತಾಪಗಡದ ಪ್ರಸಂಗವನ್ನ ಕನ್ನಡದಲ್ಲಿ ಬಾಯಿಪಾಠ ಹೇಳಿದ ಹುಡುಗರು ನಾವು. ಗಡಿಯ ಆ ಕಡೆಯ ನಮ್ಮ ಸೋದರಮಾವನ ಮಕ್ಕಳಿಗೆ ಇದು ಅರ್ಥ ಆಗ್ತಿರಲಿಲ್ಲ. "ನೀವು ಯಾರ ಕಡೆಯವರೋ?" ಅಂತ ಕೇಳ್ತಿದ್ದರು. ಮನೆಯಲ್ಲಿ ಕನ್ನಡ, ತಹಸೀಲ ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ, ಜೊತೆಗೊಂದಿಷ್ಟು ಉರ್ದು. ಮರಾಠಿ ನಮಗೆ ವೈರಿಯ ಭಾಷೆ ಅಲ್ಲ, ಗಣಪತಿ ಹಬ್ಬಕ್ಕೆ ಕೂಡಿ ಪಟ್ಟಿ ಎತ್ತಿದವರ ಭಾಷೆ. ಆದರೆ ಜಗಳ ಆಡಿದ್ದು, ಬೈದದ್ದು, ಅತ್ತದ್ದು, ಲೆಕ್ಕ ಕಲಿತದ್ದು ಕನ್ನಡದಲ್ಲಿ, ಆ 29 ಮಂದಿಯ ನಡುವೆ. ಸೊಲ್ಲಾಪುರ ಸಿದ್ಧರಾಮೇಶ್ವರರ ಊರು, ಅಲ್ಲಿಯ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಹೇಳಲೇಬೇಕು. ಆದರೆ ನನ್ನ ಬಾಯಲ್ಲಿ ಕನ್ನಡ ಉಳಿಸಿದವರು ಯಾರು ಅಂತ ಕೇಳಿದರೆ ನಾನು 9, 17, 21 ಅಂತ ಹೇಳ್ತೀನಿ.

ಹತ್ತನೇ ಇಯತ್ತೆ ಮುಗಿದ ಮೇಲೆ ಏನಾಯಿತು ಅನ್ನೋದು ನಿಮಗೆಲ್ಲ ಗೊತ್ತು, ನಿಮಗೂ ಹಂಗೇ ಆಗಿರ್ತದೆ. ಮುಂದೆ ಕನ್ನಡ ಇಲ್ಲ. ಕೆಲವರು ಐಟಿಐ, ಕೆಲವರು ಮರಾಠಿಯಲ್ಲಿ ಆರ್ಟ್ಸ್, ಕೆಲವರು ಪುಣೆಗೆ ಕೆಲಸಕ್ಕೆ. ನಾನು ಮತ್ತು 12ನೇ ನಂಬರಿನವ ಹನ್ನೊಂದನೇ ಇಯತ್ತೆಗೆ ಕಾಮರ್ಸ್ ಸೇರಿದೆವು. ಮೊದಲನೇ ತಿಂಗಳು ಸರ್ 'ನಾವೆ-ಜಮಾ' ಅಂತಾರೆ, 'ಘಸಾರಾ' ಅಂತಾರೆ, ಪುಸ್ತಕದಲ್ಲಿ ಡೆಬಿಟ್, ಕ್ರೆಡಿಟ್, ಡಿಪ್ರಿಸಿಯೇಶನ್ ಅಂತ ಇದೆ. ನಮ್ಮ ತಲೆ ಗಿಮ್ ಅಂತಿತ್ತು. 12ರವ ನನ್ನ ಕಿವಿಯಲ್ಲಿ ಹೇಳಿದ: "ಏ, ಘಸಾರಾ ಅಂದ್ರ ಸವಕಳಿನೋ. ನಮ್ಮ ಬಂಡಿ ಹಳಿ ಸವೀತದಲ್ಲ, ಅದರ ಲೆಕ್ಕ." ಅಷ್ಟೇ ಸಾಕಾಯಿತು. ಮುಂದೆ ಬಿಕಾಂ ಮುಗಿಯುವವರೆಗೂ ನಾನು ಡಿಪ್ರಿಸಿಯೇಶನ್ ಅಂತ ಬರೆದರೂ ತಲೆಯಲ್ಲಿ ಬಂಡಿ ಹಳಿಯೇ ಇರ್ತಿತ್ತು. ಆ ಬೆಂಚಿನಲ್ಲಿ ನನ್ನ ಪಕ್ಕ ಹತ್ತು ವರ್ಷದ ಗೆಳೆಯ ಇರದಿದ್ದರೆ ನಾನು ದೀಪಾವಳಿ ಸೂಟಿಗೆ ಮನೆಗೆ ಬಂದವ ತಿರುಗಿ ಹೋಗ್ತಿರಲಿಲ್ಲ.

ಈಗ ಇವತ್ತಿನ ಲೆಕ್ಕಕ್ಕೆ ಬರ್ತೀನಿ. ನಮ್ಮ ಬ್ಯಾಚಿಗೆ ಒಂದು ವಾಟ್ಸಾಪ್ ಗ್ರೂಪ್ ಇದೆ. ಮುಂಜಾನೆ ಹೂವಿನ ಚಿತ್ರ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ. ಒಂದು ದಿನ ಯಾರೋ ಸುಮ್ಮನೆ ಕೇಳಿದರು, "ಯಾರ ಮಕ್ಕಳು ಯಾವ ಸಾಲ್ಯಾಗ ಅದಾರ?" ಅಂತ. ಒಬ್ಬೊಬ್ಬರೇ ಬರೆದರು. ಕನ್ನಡ ಸಾಲಿಯಲ್ಲಿ ಇರುವ ಮಕ್ಕಳನ್ನ ಎಣಿಸಲು ಒಂದು ಕೈಯ ಬೆರಳು ಸಾಕಾದವು. ಆ ಹೊತ್ತಿನಿಂದ ಗ್ರೂಪಿನಲ್ಲಿ ಎರಡು ದಿನ ಹೂವಿನ ಚಿತ್ರವೂ ಬರಲಿಲ್ಲ.

ನಾನು ಅವರನ್ನ ಬೈಯಲು ಇಲ್ಲಿ ನಿಂತಿಲ್ಲ. ಅವರ ಕಾರಣ ಸುಳ್ಳಲ್ಲ. ಇಂಗ್ಲಿಷ್ ಸಾಲಿಯ ಬಸ್ಸು ಮನೆ ಬಾಗಿಲಿಗೆ ಬರ್ತದೆ. ಹನ್ನೊಂದನೇ ಇಯತ್ತೆಯಲ್ಲಿ ತಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡ ಅಂತಾರೆ. ಕನ್ನಡ ಸಾಲಿಯಲ್ಲಿ ಮಾಸ್ತರರು ಕಮ್ಮಿ ಅಂತಾರೆ. ಈ ಕೊನೆಯ ಮಾತಿನ ಹಿಂದಿನ ಲೆಕ್ಕವನ್ನ ನೀವು ತಿಳಕೋಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ವರ್ಗದವರೆಗೆ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು ಅಂತ ಇದೆ. ಅಂದ್ರೆ ಮಕ್ಕಳು ಕಮ್ಮಿ ಇದ್ದರೆ ಐದು ವರ್ಗಕ್ಕೆ ಇಬ್ಬರೇ ಮಾಸ್ತರರು. ಅದನ್ನ ನೋಡಿ ಪಾಲಕರು ಮಕ್ಕಳನ್ನ ತೆಗೀತಾರೆ. ತೆಗೆದರೆ ಪಟಸಂಖ್ಯೆ ಇನ್ನೂ ಇಳೀತದೆ. ಇದು ಸವಕಳಿಯ ಲೆಕ್ಕವೇ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ.

ಸಂವಿಧಾನದ 350-ಎ ವಿಧಿ 1956ರಲ್ಲಿ ಬಂದದ್ದು, ರಾಜ್ಯಗಳ ಪುನರ್‌ವಿಂಗಡಣೆ ಆದಾಗಲೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯ ಪ್ರಯತ್ನ ಮಾಡಬೇಕು ಅಂತ ಅದು ಹೇಳ್ತದೆ. ಅದನ್ನ ಹಿಡಿದು ನಾವು ಮಾಸ್ತರರನ್ನ ಕೇಳಬಹುದು, ಪುಸ್ತಕ ಕೇಳಬಹುದು, ಕೋಣೆ ಕೇಳಬಹುದು. ಬೆಂಚಿನ ಮೇಲೆ ಕೂರುವ ಮಗುವನ್ನ ಮಾತ್ರ ಸಂವಿಧಾನ ತಂದು ಕೊಡೋದಿಲ್ಲ. ಅದನ್ನ ಕೊಡಬೇಕಾದವರು ನಮ್ಮ ವರ್ಗದವರೇ.

ನನ್ನ ಮಗಳು ನಾನು ಓದಿದ ಸಾಲಿಯಲ್ಲೇ ಎರಡನೇ ಇಯತ್ತೆ. ಆಕೆಯ ವರ್ಗದಲ್ಲಿ 11 ಮಂದಿ. ಕನ್ನಡ ಚಲೋ ಓದ್ತಾಳೆ, ಮರಾಠಿ ನನಗಿಂತ ಚಲೋ ಮಾತಾಡ್ತಾಳೆ. ಓದಿನ ಬಗ್ಗೆ ನನಗೆ ಚಿಂತಿ ಇಲ್ಲ. ಚಿಂತಿ ಏನಂದ್ರೆ, ಕಬಡ್ಡಿ ಆಡಬೇಕಂದ್ರೆ ಎರಡು ತಂಡ ಆಗೋದಿಲ್ಲ. ಒಬ್ಬಾಕೆಯ ಜೊತೆ ಜಗಳ ಆದರೆ ಉಳಿಯೋರು ಒಂಬತ್ತು. ಹತ್ತು ವರ್ಷ ಆದ ಮೇಲೆ ಆಕೆಗೆ "ನಮ್ಮ ವರ್ಗ" ಅಂತ ಹೇಳಲು ಎಷ್ಟು ಮಂದಿ ಉಳಿದಿರ್ತಾರೆ? ನನಗೆ ಸಿಕ್ಕಿದ್ದು ಆಕೆಗೂ ಸಿಗಬೇಕು ಅನ್ನೋದಷ್ಟೇ ನನ್ನ ಆಸೆ.

ಅದಕ್ಕೆ ನಿಮ್ಮ ಮುಂದೆ ಕೆಲವು ಮಾತು ಇಡ್ತೀನಿ. ಘೋಷಣೆ ಅಲ್ಲ, ಕೆಲಸದ ಮಾತು.

ಹನ್ನೊಂದನೇ ಇಯತ್ತೆಯ ಹೆದರಿಕೆ ಮೊದಲು ಹೋಗಬೇಕು. ಕಾಮರ್ಸ್, ಸೈನ್ಸ್ ಓದಿದವರು ನಿಮ್ಮಲ್ಲಿ ಬಾಳ ಮಂದಿ ಇದ್ದೀರಿ. ಹತ್ತನೇ ಇಯತ್ತೆ ಬರೆದ ಹುಡುಗರಿಗೆ ಬೇಸಿಗೆ ಸೂಟಿಯಲ್ಲಿ ಹದಿನೈದು ದಿನ ಕೂರಿಸಿ ಈ ಶಬ್ದಗಳನ್ನ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಹೇಳಿಕೊಡ್ರಿ. ಒಂದು ವಹಿ ಮಾಡ್ರಿ, ಫೋಟೋ ತೆಗೆದು ಈ ಪೇಜಿಗೆ ಹಾಕ್ರಿ. ಹಳೇ ವಹಿಗಳು ಕೈಯಿಂದ ಕೈಗೆ ಹೋದಂಗ ಇದು ಮೊಬೈಲಿನಿಂದ ಮೊಬೈಲಿಗೆ ಹೋಗಲಿ.

ಕನ್ನಡ ಓದಿದರೆ ನೌಕರಿ ಇಲ್ಲ ಅನ್ನುವವರಿಗೆ ನನ್ನ ಕ್ಷೇತ್ರದ ಒಂದು ಮಾತು ಹೇಳ್ರಿ. ಸ್ಟೇಟ್ ಬ್ಯಾಂಕಿನ ಕ್ಲರ್ಕ್ ನೇಮಕಾತಿಯಲ್ಲಿ ಅರ್ಜಿ ಹಾಕಿದ ರಾಜ್ಯದ ಭಾಷೆ ಬರಬೇಕು. ಹತ್ತನೇ ಅಥವಾ ಹನ್ನೆರಡನೇ ಅಂಕಪಟ್ಟಿಯಲ್ಲಿ ಆ ಭಾಷೆ ಓದಿದ್ದು ಇದ್ದರೆ ಬೇರೆ ಭಾಷಾ ಪರೀಕ್ಷೆ ಇಲ್ಲ. ನಮ್ಮ ಹುಡುಗರ ಅಂಕಪಟ್ಟಿಯಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಎರಡು ರಾಜ್ಯದಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕುವ ಯೋಗ್ಯತೆ ಅದು. ಒಂದೇ ಭಾಷೆ ಓದಿದವನಿಗೆ ಆ ಅನುಕೂಲ ಇಲ್ಲ.

ಗ್ರೂಪಿನಲ್ಲಿ ಹುಡುಗಿಯರನ್ನ ಬಿಡಬ್ಯಾಡ್ರಿ. ನಮ್ಮ ವರ್ಗದ ಹುಡುಗಿಯರನ್ನ ಆಳಂದ, ಅಫಜಲಪುರ, ಇಂಡಿ ಕಡೆಗೆ ಕೊಟ್ಟರು. ನಂಬರ್ ಬದಲಾಯಿತು, ಸಂಪರ್ಕ ಹೋಯಿತು. 21ನೇ ನಂಬರಿನಾಕೆ ಎಲ್ಲಿದ್ದಾಳೆ ಅಂತ ತಿಳಿಯಲು ನಮಗೆ ಎಂಟು ವರ್ಷ ಬೇಕಾಯಿತು. ಈಗ ಆಕೆ ಗ್ರೂಪಿನಲ್ಲಿದ್ದಾಳೆ. ಕನ್ನಡದಲ್ಲಿ, ಕನ್ನಡ ಅಕ್ಷರದಲ್ಲೇ ಟೈಪ್ ಮಾಡುವವಳು ಆಕೆ ಒಬ್ಬಾಕೆ.

ಕೊನೆಯದು. ಜೂನ್ ತಿಂಗಳ ನಡುವೆ ಸಾಲಿ ತೆರೀತದೆ. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ನಿಮ್ಮ ಬ್ಯಾಚಿನ ಗ್ರೂಪಿನಲ್ಲಿ ಒಂದು ಪಟ್ಟಿ ಹಾಕ್ರಿ. ಯಾರ ಮನೆಯಲ್ಲಿ ಆರು ವರ್ಷ ತುಂಬಿದ ಮಗು ಇದೆ? ನಿಮ್ಮದು ಇರದಿದ್ದರೆ ಅಣ್ಣನದು, ಅಕ್ಕನದು, ಪಕ್ಕದ ಮನೆಯದು. ಒಬ್ಬರೇ ಹೋಗಿ ಹೆಸರು ಹಚ್ಚಲು ಪಾಲಕರು ಹಿಂಜರೀತಾರೆ, ಏಳೆಂಟು ಮಂದಿ ಕೂಡಿ ಹೋದರೆ ಹಿಂಜರಿಯೋದಿಲ್ಲ. ಒಂದು ವರ್ಷಕ್ಕೆ ಏಳೆಂಟು ಮಕ್ಕಳು ಹೆಚ್ಚಾದರೆ ಒಬ್ಬ ಮಾಸ್ತರನನ್ನ ಕೇಳಲು ನಮ್ಮ ಕೈಯಲ್ಲಿ ಲೆಕ್ಕ ಇರ್ತದೆ.

ಜತ್ತಿನವರು, ಕಾಸರಗೋಡಿನವರು, ತಾಳವಾಡಿ, ಮಡಕಶಿರಾದವರು ಇದನ್ನ ಓದಿದರೆ ನಿಮ್ಮ ಕಡೆಯ ಲೆಕ್ಕವನ್ನ ಕೆಳಗೆ ಬರೀರಿ. ನೀವು ಒಂದನೇ ವರ್ಗದಲ್ಲಿ ಎಷ್ಟು ಮಂದಿ ಇದ್ರಿ, ಈಗ ಅದೇ ಕೋಣೆಯಲ್ಲಿ ಎಷ್ಟು ಮಂದಿ ಇದ್ದಾರೆ. ಎರಡು ಅಂಕಿ ಸಾಕು.