ಪಂಚಾಯತ್ ಕಾಯ್ದೆಯ ಆಶಯ ಮತ್ತು ವಾರ್ಡ್ ಸಭೆ

(ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ತರಬೇತಿಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಪಠ್ಯ)



ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷದ ಮೇ 10ರಿಂದ ನಮ್ಮ ರಾಜ್ಯದ ಪಂಚಾಯತ್ ಕಾಯ್ದೆ ಜಾರಿಯಲ್ಲಿದೆ. ಗ್ರಾಮ ಪಂಚಾಯತ್‌ಗೆ ಅದೇ ಸಂವಿಧಾನವಿದ್ದಂತೆ. ಅದರ ಪೀಠಿಕೆಯಲ್ಲಿ ಜನರ ಹೆಚ್ಚಿನ ಪಾಲ್ಗೊಳ್ಳುವಿಕೆ ಮೊದಲು ಬರುತ್ತದೆ. ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮಗಳ ಪರಿಣಾಮಕಾರಿ ಅನುಷ್ಠಾನ ಅದರ ನಂತರ. ಆಚರಣೆಯಲ್ಲಿ ಮಾತ್ರ ಈ ಕ್ರಮ ಹಲವೆಡೆ ತಿರುಗುಮುರುಗಾಗಿದೆ.

ಬಯಲುಸೀಮೆಯ ಅಳತೆ ನಮಗೆ ಹೊಂದದು ಎಂಬುದನ್ನು ಕಾಯ್ದೆ ಬಲ್ಲದು. ಪಂಚಾಯತ್ ಪ್ರದೇಶಕ್ಕೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಯನ್ನು ಅದು ವಿಧಿಸಿದ್ದರೂ, ಉತ್ತರ ಕನ್ನಡವೂ ಸೇರಿದಂತೆ ಮಲೆನಾಡಿನ ಕೆಲವು ಜಿಲ್ಲೆಗಳಿಗೆ 2,500ರ ವಿನಾಯಿತಿ ನೀಡಿದೆ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಕೇರಿ ಇರುವಲ್ಲಿ ದೂರವೇ ಜನರನ್ನು ಸಭೆಯಿಂದ ಹೊರಗಿಡುತ್ತದೆ. ಆ ದೂರವನ್ನು ಇನ್ನಷ್ಟು ತಗ್ಗಿಸುವುದೇ ವಾರ್ಡ್ ಸಭೆ. ಕಾಮಗಾರಿಗಳನ್ನು ಸೂಚಿಸಿ ಅವುಗಳ ಆದ್ಯತೆಯನ್ನು ನಿರ್ಧರಿಸುವ, ಅರ್ಹ ಫಲಾನುಭವಿಗಳನ್ನು ಗುರುತಿಸುವ ಕೆಲಸವನ್ನು ಕಾಯ್ದೆ ಈ ಸಭೆಗೇ ಒಪ್ಪಿಸಿದೆ.

ಕಾಲುಸಂಕದ ಉದಾಹರಣೆಯನ್ನೇ ನೋಡೋಣ. ನಾನು ಇಂಜಿನಿಯರಿಂಗ್ ಓದಿದವನು. ಹಳ್ಳದ ಅಗಲ, ಕಂಬದ ಆಳ, ತಡೆಯಬೇಕಾದ ಭಾರ ಇವನ್ನೆಲ್ಲ ಮೇಜಿನ ಮೇಲೆಯೇ ಲೆಕ್ಕ ಹಾಕಬಹುದು. ಆದರೆ ಆಷಾಢದಲ್ಲಿ ಶಾಲೆಯ ಮಕ್ಕಳು ದಾಟುವ ಹಳ್ಳ ಯಾವುದು, ಬಾಣಂತಿಯನ್ನು ಕಂಬಳಿಯಲ್ಲಿ ಹೊತ್ತು ತರುವ ದಾರಿ ಯಾವುದು ಎಂಬುದು ಅಂದಾಜುಪಟ್ಟಿಯಲ್ಲಿ ಸಿಗದು. ಅದನ್ನು ಹೇಳಬಲ್ಲವರು ಆ ಕೇರಿಯವರು, ಅದರಲ್ಲೂ ಹೆಣ್ಣುಮಕ್ಕಳು.

ಹೀಗಿರುವಾಗ ಠರಾವನ್ನು ಮೊದಲೇ ಬರೆದಿಟ್ಟು, ಪುಸ್ತಕವನ್ನು ಮನೆಮನೆಗೆ ಕಳುಹಿಸಿ ಸಹಿ ಪಡೆಯುವ ರೂಢಿ ಅಲ್ಲಲ್ಲಿ ಕಾಣುತ್ತದೆ. ಹಾಜರಿ ಕಾಗದದಲ್ಲಿ ಪೂರ್ಣ, ಸಭೆ ಶೂನ್ಯ. ನಮ್ಮ ಮೂರೂ ತಾಲೂಕುಗಳಲ್ಲಿ ಇದರ ಹಾನಿ ಇಮ್ಮಡಿ, ಏಕೆಂದರೆ ನಮ್ಮ ಬಹುಪಾಲು ಭೂಮಿ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣದಂತೆ ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಕೊಳವೆ ಮುಂತಾದವುಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ದೊರೆಯಬಹುದು. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು, ಆ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು. ನಡೆಯದ ಸಭೆಯ ಠರಾವಿಗೆ ಒಬ್ಬರ ಆಕ್ಷೇಪಣೆ ಬಂದರೂ ಕಡತ ನಿಲ್ಲುತ್ತದೆ. ಕಡತ ನಿಂತರೆ ದಾರಿಯೂ ನಿಲ್ಲುತ್ತದೆ.

ಸಭೆಯ ಸ್ಥಳದ ಬಗೆಗೂ ಒಂದು ಮಾತು. ಯಲ್ಲಾಪುರದ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ಆ ಕೇರಿಗಳ ಜನ ದಿನಗೂಲಿ ಬಿಟ್ಟು ಕಾಡುದಾರಿಯಲ್ಲಿ ನಡೆದು ಪಂಚಾಯತ್ ಕಚೇರಿಗೆ ಬರಲೆಂದು ಕಾಯುವುದು ನ್ಯಾಯವಲ್ಲ. ವಾರ್ಡ್ ಸಭೆಯೇ ಅವರ ಅಂಗಳಕ್ಕೆ ಹೋಗಲಿ. ಗೌಳಿವಾಡಗಳಿಗೂ ಇದೇ ಮಾತು ಅನ್ವಯ. ದಿನಾಂಕ ನಿಗದಿಪಡಿಸುವಾಗ ಅಡಿಕೆ ಕೊಯ್ಲಿನ ದಿನಗಳನ್ನೂ ಹಳ್ಳ ತುಂಬುವ ತಿಂಗಳುಗಳನ್ನೂ ತಪ್ಪಿಸಿರಿ. ಡಂಗುರ ಹಳೆಯದಾಯಿತೆಂದು ವಾಟ್ಸಾಪ್ ಸಂದೇಶವೊಂದನ್ನೇ ನಂಬಬೇಡಿ, ನೆಟ್‌ವರ್ಕ್ ಸಿಗದ ಕೇರಿಗಳೇ ನಮ್ಮಲ್ಲಿ ಹೆಚ್ಚು.

ಕೊನೆಯದಾಗಿ ನಡಾವಳಿ ಪುಸ್ತಕ. ಅಂಗೀಕೃತ ಬೇಡಿಕೆಗಳ ಜೊತೆಗೆ ಕೈಬಿಟ್ಟ ಬೇಡಿಕೆಯನ್ನೂ ಅದರ ಕಾರಣವನ್ನೂ ಬರೆಯಿಸಿ, ಸಭೆ ಮುಗಿಯುವ ಮೊದಲು ಗಟ್ಟಿಯಾಗಿ ಓದಿಸಿರಿ. ಸಹಿ ಅದಾದ ಮೇಲೆ.